ಬಿಸಿಗಾಳಿಗೆ ತಣಿದ ದಾಳಿಂಬೆ ರಸ

ಮೊನ್ನೆ ಬಳ್ಳಾರಿಯ ಬ್ರೂಸ್‌ಪೇಟೆಗೆ ಜೀರಿಗೆ, ಕೊತ್ತಂಬರಿ ತರಲು ಹೋಗಿದ್ದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ರಸ್ತೆಯ ಮೇಲೆ ನಾಯಿಯೂ ಇರಲಿಲ್ಲ. ಸಗಟು ಅಂಗಡಿಯವನೊಬ್ಬ ಬಾಗಿಲಿಗೆ ಇಳಿಬಿಟ್ಟ ಗೋಣಿ ಪರದೆಗೆ ತಂಬಿಗೆಯಿಂದ ನೀರು ಎರಚುತ್ತಿದ್ದ. ಒದ್ದೆ ಗೋಣಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಏನು ಕೊಳ್ಳಲು ಬಂದೆನೆಂಬುದನ್ನೇ ಮರೆತು ನಿಂತುಬಿಟ್ಟೆ.

“ಯಾಕ್ರೀ ಟೀಚರಮ್ಮಾ, ಬಿಸ್ಲು ಬಡೀತೇನು? ಒಳಗ ಬರ್ರಿ, ಕುಂದರ್ರಿ,” ಎಂದ ಅಂಗಡಿಯವ.

“ಬಿಸಿಲಲ್ಲಪ್ಪಾ. ದಾಳಿಂಬಿ ವಾಸನಿ ಬಂದಂಗಾತು.”

ಅವನು ಒಮ್ಮೆ ತನ್ನ ಮೆಣಸಿನಕಾಯಿ ಚೀಲಗಳನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, ನೀರು ಕೊಡಲು ಮಗ್ಗು ಹುಡುಕತೊಡಗಿದ. ಅವನಿಗೆ ಹೇಗೆ ಹೇಳಲಿ? ಒದ್ದೆ ಗೋಣಿ ಎಂದರೆ ನನ್ನ ಪಾಲಿಗೆ ದಾಳಿಂಬೆಯೇ. ಕುರುಗೋಡಿನ ದೊಡ್ಡಪ್ಪನ ಶೆಡ್ಡು, ನಮ್ಮ ಗಿರಿಜಕ್ಕ, ಅವಳ ಮೊದಲ ವೈನು ಹುದುಗೆದ್ದ ಆ ಬೇಸಿಗೆ.

ಗಿರಿಜಕ್ಕ ದೊಡ್ಡಪ್ಪನ ಒಬ್ಬಳೇ ಮಗಳು. ಆಹಾರ ವಿಜ್ಞಾನ ಓದಿ, ವಿಜಯಪುರದ ಕಡೆ ಒಂದು ದ್ರಾಕ್ಷಿ ವೈನರಿಯಲ್ಲಿ ಕೆಲವು ವರ್ಷ ದುಡಿದು, ಒಂದು ದಿನ ಚೀಲ ಹೊತ್ತುಕೊಂಡು ಮನೆಗೆ ಬಂದಳು. “ಮಂದಿ ಟಾಂಕಿ ಕಾದದ್ದು ಸಾಕಾತು, ನನ್ನದೊಂದು ಟಾಂಕಿ ಕಾಯ್ತೀನಿ,” ಎಂದಳು. ಮನೆಯ ತೋಟದಲ್ಲಿ ದಾಳಿಂಬೆ ಇತ್ತು. ನೀರು ಸ್ವಲ್ಪ ಹೆಚ್ಚುಕಡಿಮೆಯಾದರೆ ಸಾಕು, ಹಣ್ಣು ಗಿಡದ ಮೇಲೆಯೇ ಬಿರಿಯುತ್ತದೆ. ಒಳಗಿನ ಕಾಳು ಮಾಣಿಕ್ಯದಂತಿದ್ದರೂ ಬಿರಿದ ಹಣ್ಣನ್ನು ಮಾರುಕಟ್ಟೆಯವರು ಕಣ್ಣೆತ್ತಿಯೂ ನೋಡುವುದಿಲ್ಲ. ಆ ಹಣ್ಣಿನಿಂದ ವೈನು ಮಾಡುವುದು ಅಕ್ಕನ ಲೆಕ್ಕಾಚಾರ.

ಆದರೆ ಮನೆ ಎಂಥದು? ಕೊರಳಲ್ಲಿ ಲಿಂಗ, ಹಣೆಯಲ್ಲಿ ಇಬತ್ತಿ, ಅಡಿಕೆ ಹೋಳನ್ನೂ ಬಾಯಿಗೆ ಹಾಕದ ದೊಡ್ಡಪ್ಪ. ಪರವಾನಗಿ ಕೈಗೆ ಬರುವವರೆಗೂ ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬಂದ ದಿನ ಎಲ್ಲರನ್ನೂ ಪಡಸಾಲೆಗೆ ಕರೆದರು.

“ಒಂದು ಬ್ಯಾಸಗಿ ಕೊಟ್ಟೀನಿ,” ಎಂದರು. “ಸರಿ ಬಂತಂದ್ರ ನಾ ಬಾಯಿ ತಗಿಯಂಗಿಲ್ಲ. ಹುಳತು ಹೋತಂದ್ರ ಶೆಡ್ಡಿನ ಕೀಲಿ ನನ್ನ ಕೈಯಾಗ ಕೊಡಬೇಕು. ಹತ್ತಿಕಾಳು ತುಂಬಸ್ತೀನಿ. ಆಮ್ಯಾಲೆ ಈ ಮಾತು ಈ ಮನ್ಯಾಗ ಮತ್ತ ಬರಬಾರ್ದು.”

“ಆತು ಅಪ್ಪಾಜಿ,” ಎಂದಳು ಅಕ್ಕ.

“ನಾನಂತೂ ಅದರ ಹೊಸ್ತಲಾ ತುಳಿಯಂಗಿಲ್ಲ.”

“ತುಳೀಬ್ಯಾಡ್ರಿ,” ಎಂದು ಒಳಗಿನಿಂದ ದೊಡ್ಡವ್ವ ಕೂಗಿದಳು. “ನಿಮ್ಮನ್ನ ಅಲ್ಲಿಗಿ ಕರದೋರು ಯಾರು?”

ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪರೀಕ್ಷೆ ಮುಗಿದು ಶಾಲೆಗೆ ರಜೆ ಬಿಟ್ಟ ದಿನವೇ ಅಕ್ಕನ ಫೋನು ಬಂತು. “ಲೇ ಸುಮಿ, ಮಕ್ಕಳಿಗೆ ಉಷ್ಣಾಂಶ ಉಷ್ಣಾಂಶ ಅಂತ ಬೋರ್ಡಿನ ಮ್ಯಾಲೆ ಬರೀತೀಯಲ್ಲ, ಬಾ ಇಲ್ಲಿ, ನಿಜವಾದ ಉಷ್ಣಾಂಶ ತೋರಸ್ತೀನಿ.” ನಾನು ಸೀರೆ ಮಡಚಿಟ್ಟು, ಚೂಡಿದಾರ ತುಂಬಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ.

ಶೆಡ್ಡು ಎಂದರೆ ಹಿಂದೆ ಕಾಳುಕಡಿ ಇಡುತ್ತಿದ್ದ ಕಲ್ಲುಗೋಡೆಯ ಮನೆ. ಮೇಲೆ ತಗಡು, ತಗಡಿನ ಮೇಲೆ ಜೋಳದ ಸೊಪ್ಪೆ. ನೆಲ ಅಂಗಳಕ್ಕಿಂತ ತಗ್ಗಿನಲ್ಲಿತ್ತು, ಮೆಟ್ಟಿಲಿಳಿದು ಹೋಗಬೇಕು. ನಡುವೆ ಸ್ಟೀಲಿನ ದೊಡ್ಡ ಟ್ಯಾಂಕು. ಮುಚ್ಚಿಹೋದ ಯಾವುದೋ ಹಾಲಿನ ಡೇರಿಯದು. ಕೌಲ್ ಬಜಾರಿನ ಮೆಕ್ಯಾನಿಕ್ ಖಾದರ್ ಭಾಯ್ ಅದರೊಳಗೆ ಸುರುಳಿ ಸುತ್ತಿದ ಸ್ಟೀಲ್ ಪೈಪು ಇಳಿಸಿ, ಹೊರಗೆ ಚಿಲ್ಲರ್ ಕೂರಿಸಿಕೊಟ್ಟಿದ್ದರು. ಚಿಲ್ಲರ್ ನೀರನ್ನು ತಣ್ಣಗೆ ಮಾಡಿ ಪೈಪಿಗೆ ತಳ್ಳುವುದು, ಆ ನೀರು ಸುತ್ತಿ ಬಂದು ರಸದ ಬಿಸಿಯನ್ನು ಹೊತ್ತು ಹೊರಗೆ ಹಾಕುವುದು. ಅಷ್ಟೇ ವ್ಯವಸ್ಥೆ.

ಬಿಸಿ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ಅಕ್ಕ ದೋಸೆ ಹಿಟ್ಟಿನ ಉದಾಹರಣೆ ಕೊಡುತ್ತಿದ್ದಳು. ನಮ್ಮೂರ ಬೇಸಿಗೆಯಲ್ಲಿ ಹಿಟ್ಟು ರುಬ್ಬಿಟ್ಟು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಉಕ್ಕಿ ಕಟ್ಟೆಯ ಮೇಲೆ ಹರಿದಿರುತ್ತದೆ. ವೈನಿನ ಯೀಸ್ಟೂ ಹಾಗೆಯೇ. ಸಕ್ಕರೆ ತಿನ್ನುತ್ತ ತಾನೇ ಬಿಸಿ ಹುಟ್ಟಿಸುತ್ತದೆ, ಬಿಸಿಯಾದಷ್ಟೂ ಆತುರದಿಂದ ತಿನ್ನುತ್ತದೆ, ಆತುರಪಟ್ಟಷ್ಟೂ ಇನ್ನಷ್ಟು ಬಿಸಿ. ರಸ ಇಪ್ಪತ್ತೈದು ಇಪ್ಪತ್ತಾರು ಡಿಗ್ರಿಯಲ್ಲಿದ್ದರೆ ಹಣ್ಣಿನ ಘಮ ಉಳಿಯುತ್ತದೆ. ಮೂವತ್ತು ದಾಟಿದರೆ ಬೇಯಿಸಿದ ವಾಸನೆ. ಇನ್ನೂ ಏರಿದರೆ ಯೀಸ್ಟು ಅರ್ಧ ಊಟದಲ್ಲೇ ಸಾಯುತ್ತದೆ, ಉಳಿದ ಸಿಹಿಗೆ ಹುಳಿ ಹಿಡಿಸುವ ಜೀವಾಣುಗಳು ಬಂದು ಕೂರುತ್ತವೆ.

ಓಣಿಯ ಹೆಂಗಸರೆಲ್ಲ ಬಂದು ಬೇವಿನ ಮರದ ಕೆಳಗೆ ಕೂತು ದಾಳಿಂಬೆ ಬಿಡಿಸಿಕೊಟ್ಟರು. ಸಿಪ್ಪೆಯ ಒಗರಿಗೆ ಎಲ್ಲರ ಬೆರಳೂ ಕಪ್ಪಾದವು. “ಏನವಾ ಗಿರಿಜಾ, ಈ ಕೈ ನೋಡಿ ನನ್ನ ಗಂಡ ನೀ ಯಾರು ಅಂತ ಕೇಳ್ಯಾನ,” ಎಂದು ಒಬ್ಬಾಕೆ ಅಂದರೆ, “ಕೇಳಿದ್ರ ನಿಂಗ ಚಲೋನ ಆತಲ್ಲ, ಗೊತ್ತಿಲ್ಲ ಅನ್ನು,” ಎಂದು ಇನ್ನೊಬ್ಬಳು. ರಸ ಟ್ಯಾಂಕಿಗೆ ಇಳಿಯಿತು, ಯೀಸ್ಟು ಬಿತ್ತು. ದೊಡ್ಡವ್ವ ಬಂದವಳೇ ಟ್ಯಾಂಕಿನ ಹೊಟ್ಟೆಗೆ ಮೂರು ಬೆರಳಿಂದ ಇಬತ್ತಿ ಎಳೆದಳು.

“ಅವ್ವಾ, ಇದು ಹೆಂಡದ ಟಾಂಕಿ ಅಂತ ನೀನ ಬೈತಿದ್ದಿ?” ಎಂದಳು ಅಕ್ಕ.

“ಬೈಯ್ಯೋದು ಬ್ಯಾರೆ, ಕಾಯೋದು ಬ್ಯಾರೆ. ಸುಮ್ಕಿರು.”

ಅಕ್ಕ ಪರೀಕ್ಷೆಗೆಂದು ಒಂದು ಹನಿ ನಾಲಿಗೆಗೆ ಮುಟ್ಟಿಸಿ ಉಗುಳಿದಾಗಲೆಲ್ಲ ದೊಡ್ಡವ್ವ ನೀರಿನ ತಂಬಿಗೆ ಹಿಡಿದು ಬಾಯಿ ತೊಳೆಸಿ, ಅವಳ ಹಣೆಗೂ ಮೂರು ಗೆರೆ ಎಳೆದು ಕಳಿಸುತ್ತಿದ್ದಳು.

ರಸ ಗುಳುಗುಳು ಎನ್ನತೊಡಗಿತು. ಆ ಸದ್ದು ಕೇಳುತ್ತ ನಾವಿಬ್ಬರೂ ತೊಟ್ಟಿಲ ಪಕ್ಕದಲ್ಲಿ ಕೂತವರಂತೆ ಕೂತಿದ್ದೆವು. ಅಷ್ಟರಲ್ಲೇ ಚಿಲ್ಲರ್ ಕೈಕೊಟ್ಟಿತು. ವೋಲ್ಟೇಜು ಬಿದ್ದು ಎದ್ದು ಬಿದ್ದು, ಒಂದು ಸಲ ಟಪ್ಪೆಂದು ಸುಟ್ಟ ವಾಸನೆ. ಖಾದರ್ ಭಾಯ್ ಬಳ್ಳಾರಿಯಿಂದ ಓಡಿ ಬಂದು, ಬಿಚ್ಚಿ ನೋಡಿ, ಹಣೆ ಒರೆಸಿಕೊಂಡರು.

“ಅಕ್ಕಾ, ಕಂಪ್ರೆಸರ್ ಹೋಗೇತ್ರಿ. ಹೈದ್ರಾಬಾದಿಂದ ಬರಬೇಕು. ಜಲ್ದಿ ಅಂದ್ರೂ ವಾರ ಮ್ಯಾಲೆ ಆಗತೈತಿ.”

“ವಾರದಾಗ ಇದು ಉಪ್ಪಿನಕಾಯಿ ಹಾಕಾಕೂ ಬರಂಗಿಲ್ಲ, ಭಾಯ್.”

“ಮೈ ಕ್ಯಾ ಕರೂಂ ಅಕ್ಕಾ, ನಾ ಏನ್ ಮಾಡ್ಲಿ? ಐಸ್ ಹಾಕ್ರಿ ಅನ್ನಾಕ ಇದೇನು ಶರಬತ್ತೇನು?”

ಆ ಸಂಜೆ ಥರ್ಮಾಮೀಟರ್ ಇಪ್ಪತ್ತೊಂಬತ್ತು ತೋರಿಸಿತು. ಅಕ್ಕ ಊಟಕ್ಕೆ ಏಳಲಿಲ್ಲ. ದೊಡ್ಡಪ್ಪ ಕೇಳಲೂ ಇಲ್ಲ. ಆದರೆ ಮರುದಿನ ಹತ್ತಿಕಾಳಿನ ವ್ಯಾಪಾರಿ ಬಂದು ಕಟ್ಟೆಯ ಮೇಲೆ ಕೂತು ಅವರೊಡನೆ ಮಾತಾಡಿ ಹೋದದ್ದನ್ನು ನಾವಿಬ್ಬರೂ ಕಿಟಕಿಯಿಂದ ನೋಡಿದೆವು.

ಟ್ಯಾಂಕಿಗೆ ಒದ್ದೆ ಗೋಣಿ ಸುತ್ತೋಣ ಎಂಬ ಯೋಚನೆ ಇಬ್ಬರಿಗೂ ಒಟ್ಟಿಗೇ ಬಂತು. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದವರಿಗೆ ಬೇಸಿಗೆ ಎಂದರೆ ಒದ್ದೆ ಬಟ್ಟೆ ತಾನೆ? ಸಿರುಗುಪ್ಪದಲ್ಲಿ ನನ್ನ ಸೋದರಮಾವನದು ಅಕ್ಕಿ ಗಿರಣಿ. ಬೆಳಗಿನ ಬಸ್ಸಿಗೇ ಹೊರಟೆ. ಗಿರಣಿಯ ಅಂಗಳದಲ್ಲಿ ಮಾವ ತೌಡಿನ ಧೂಳು ಹೊದ್ದುಕೊಂಡು ನಿಂತಿದ್ದರು.

“ಏನವಾ ಮಾಸ್ತರಿಣಿ, ಮಾವನ ನೆನಪು ಬಂತೇನು, ಅಕ್ಕಿ ನೆನಪು ಬಂತೇನು?”

“ಗೋಣಿ ಬೇಕು ಮಾವಾ. ಹರದಿದ್ರೂ ನಡಿತೈತಿ. ಗಿರಿಜಕ್ಕನ ಟಾಂಕಿಗೆ ಹೊದಸಾಕ.”

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. “ಈ ಬಿಸಲಾಗ ನಾವು ಅಂಗಿ ಬಿಚ್ಚಾಕತ್ತೀವಿ, ನೀವು ಬ್ರಾಂದಿಗೆ ಕಂಬಳಿ ಹೊದಸ್ತೀರೇನು? ನಿಮ್ಮ ದೊಡ್ಡಪ್ಪಗ ಗೊತ್ತೈತೋ ಇಲ್ಲೋ?” ನಗುತ್ತಲೇ ಹಳೆಯ ಸೆಣಬಿನ ಚೀಲಗಳ ದೊಡ್ಡ ಹೊರೆ ಕಟ್ಟಿಸಿ, ತಮ್ಮದೇ ಟೆಂಪೋದಲ್ಲಿ ನನ್ನನ್ನೂ ಏರಿಸಿ ಕಳಿಸಿದರು.

ಚೀಲಗಳನ್ನು ಬಿಚ್ಚಿ, ಹೊಲಿದು, ಟ್ಯಾಂಕಿಗೆ ಲಂಗ ಉಡಿಸಿದಂತೆ ಸುತ್ತಿದೆವು. ತೋಟದಿಂದ ಹನಿ ನೀರಾವರಿಯ ಪೈಪು ತಂದು ಟ್ಯಾಂಕಿನ ನೆತ್ತಿಗೆ ಬಳಸಿದೆವು. ಮಾಳಿಗೆಯ ಮೇಲಿನ ತೊಟ್ಟಿಯಿಂದ ನೀರು ತಾನಾಗಿ ಇಳಿದು ಹನಿಹನಿಯಾಗಿ ಗೋಣಿಗೆ ಬೀಳುವಂತೆ ಮಾಡಿದೆವು. ಕರೆಂಟಿನ ಹಂಗಿಲ್ಲ. ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು. ಮಧ್ಯಾಹ್ನದ ಝಳ ಏಳುವ ಮುನ್ನ, ಇಲ್ಲಿ ಎಲ್ಲ ಮನೆಗಳಲ್ಲೂ ಮಾಡುವಂತೆ, ಬಾಗಿಲು ಕಿಟಕಿಗಳನ್ನೆಲ್ಲ ಗಟ್ಟಿಯಾಗಿ ಹಾಕಿಕೊಂಡೆವು. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಕದ ತೆರೆದಿಟ್ಟ ಮನೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಹಾಗೆ ತೆರೆದಿಟ್ಟರೆ, “ಬೆಂಕೀನ ಒಳಗ ಕರದು ಕುಂದ್ರಾಕ ಮಣಿ ಹಾಕ್ತೀರೇನು?” ಎಂದು ಹಿರಿಯರು ಬೈಯುವುದನ್ನೇ ಕೇಳಿ ಬೆಳೆದವರು ನಾವು.

ಆದರೂ ಉಷ್ಣಾಂಶ ಏರಿತು. ಮೂವತ್ತು. ಮರುದಿನ ಮೂವತ್ತೊಂದೂವರೆ. ಗೋಣಿ ತೊಪ್ಪೆಯಾಗಿತ್ತು, ಗೋಡೆಗಳಿಗೆ ಬೆವರು ಬಂದಿತ್ತು, ನಮ್ಮ ಬಟ್ಟೆ ಮೈಗೆ ಅಂಟಿತ್ತು, ರಸ ಮಾತ್ರ ಜ್ವರ ಬಂದವರಂತೆ ಕಾಯುತ್ತಲೇ ಇತ್ತು. ಇನ್ನಷ್ಟು ನೀರು ಬಿಟ್ಟೆವು. ಮೂವತ್ತೆರಡು. ರಸದ ಮೇಲೆ ಬೇಯಿಸಿದ ಬೆಲ್ಲದಂಥ ವಾಸನೆ ತೇಲತೊಡಗಿತು. ಆ ವಾಸನೆ ಮೂಗಿಗೆ ಬಿದ್ದಾಗ ಅಕ್ಕ ಸೊಂಟದಲ್ಲಿದ್ದ ಶೆಡ್ಡಿನ ಕೀಲಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಮಾರನೆಯ ಮಧ್ಯಾಹ್ನ ಕರೆಂಟೂ ಹೋಯಿತು. ಗೋಡೆಯಲ್ಲಿದ್ದ ಹವೆ ಹೊರದಬ್ಬುವ ಫ್ಯಾನು ನಿಂತಿತು. ನನಗೆ ತಲೆ ಭಾರವೆನಿಸುತ್ತಿತ್ತು, ಸೆಕೆಗೆ ಅಂದುಕೊಂಡೆ. ಥರ್ಮಾಮೀಟರ್ ಮೂವತ್ತಮೂರರಲ್ಲಿತ್ತು. ಅಕ್ಕ ಅದರ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ದೊಡ್ಡವ್ವ ಕದ ಸರಿಸಿ ಒಳಗೆ ಬಂದು ಮತ್ತೆ ಮುಚ್ಚಿದಳು. ಕೈಯಲ್ಲಿ ಎಣ್ಣೆಯ ಹಣತೆ.

“ಮಷೀನು ಕೈ ಬಿಟ್ಟಮ್ಯಾಲೆ ದೇವ್ರರ ಹಿಡೀಲಿ,” ಎನ್ನುತ್ತ ಟ್ಯಾಂಕಿನ ಕಾಲಬುಡದಲ್ಲಿ ಹಣತೆ ಇಟ್ಟಳು. ದೀಪ ಒಮ್ಮೆ ಸಣ್ಣಗಾಗಿ ಆರಿತು. ಮತ್ತೆ ಹಚ್ಚಿದಳು. ನೆಲಕ್ಕಿಡುತ್ತಲೇ ಮತ್ತೆ ಆರಿತು. ದೊಡ್ಡವ್ವನ ಮುಖ ಬಿಳುಚಿಕೊಂಡಿತು. “ಯವ್ವಾ, ದೀಪ ನಿಲ್ಲವಲ್ದು!” ಎಂದು ಅಳುತ್ತ ಹೊರಗೆ ಓಡಿದಳು.

ಹೊರಗೆ ಕಟ್ಟೆಯ ಮೇಲಿದ್ದ ದೊಡ್ಡಪ್ಪನ ದನಿ ಕದದಾಚೆಯಿಂದ ಕೇಳಿಸಿತು. “ಎಣ್ಣಿ ಇತ್ತಿಲ್ಲ?”

“ತುಂಬ ಇತ್ರೀ.”

“ಗಾಳಿಗೆ ಆರಿರಬೇಕು.”

“ಬಾಗಲಾ ಹಾಕ್ಯಾವಲ್ರೀ, ಗಾಳಿ ಎಲ್ಲಿಂದ ಬರತೈತಿ?”

ಮುಂದಿನ ಕ್ಷಣ ಕದ ಧಡಾರೆಂದು ಗೋಡೆಗೆ ಬಡಿಯಿತು. ಹೊಸ್ತಿಲು ತುಳಿಯೆನೆಂದಿದ್ದ ದೊಡ್ಡಪ್ಪ ಕಾಲಲ್ಲಿ ಕೆರವಿಲ್ಲದೆ ಒಳಗೆ ನಿಂತಿದ್ದರು.

“ಹೊರಗ ನಡೀರಿ ಇಬ್ರೂ! ಇದು ಹಗೇವಿನ ಗಾಳಿ!”

ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿ ಮುಚ್ಚುತ್ತಿದ್ದ ಕುಳಿ. ಅದರ ಬಾಯಿ ತೆಗೆದಾಗ ಹಿರಿಯರು ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಹಾಗೆ ಇಳಿದು ಮೇಲೆ ಬಾರದ ಒಬ್ಬ ಕಾಕಾನನ್ನು ದೊಡ್ಡಪ್ಪ ಚಿಕ್ಕಂದಿನಲ್ಲಿ ಕಂಡಿದ್ದರಂತೆ. ರಸ ಹುದುಗೇಳುವಾಗ ಬರುವ ಹವೆಯೂ ಅದೇ, ಇಂಗಾಲದ ಡೈಆಕ್ಸೈಡು, ಭಾರವಾದದ್ದು, ತಗ್ಗಿನಲ್ಲಿ ನಿಲ್ಲುವಂಥದ್ದು. ಅಕ್ಕನಿಗೆ ಇದು ಗೊತ್ತಿಲ್ಲದ್ದೇನಲ್ಲ, ಅದಕ್ಕೆಂದೇ ಫ್ಯಾನು ಹಾಕಿಸಿದ್ದಳು. ಥರ್ಮಾಮೀಟರಿನ ಮೇಲೆ ಕಣ್ಣು ನೆಟ್ಟವಳಿಗೆ ಫ್ಯಾನು ನಿಂತದ್ದು ಕೇಳಿಸಿರಲಿಲ್ಲ.

ದೊಡ್ಡಪ್ಪ ಕಿಟಕಿಯ ಕದಗಳನ್ನು ಒಂದೊಂದಾಗಿ ಗುದ್ದಿ ತೆರೆಯುತ್ತಿದ್ದರು. ಅಕ್ಕ ಅವರ ಕೈ ಹಿಡಿದಳು.

“ಅಪ್ಪಾಜಿ, ತಗೀಬ್ಯಾಡ್ರಿ! ಹೊರಗ ಬೆಂಕಿ ಬೀಳಾಕತ್ತೇತಿ. ಈಗ ಮೂವತ್ತಮೂರು ಐತಿ, ಇನ್ನೊಂದು ಏರಿದ್ರ ಎಲ್ಲಾ ಮುಗೀತು.”

“ಮುಗದ್ರ ಮುಗೀಲಿ. ರಸ ಸತ್ರ ಮತ್ತೊಂದು ಮಾಡಬೌದು. ನಿನ್ನಂಥಾಕಿನ್ನ ನಾ ಎಲ್ಲಿಂದ ತರಲೇ? ನಡಿ ಹೊರಗ!”

ಬಳ್ಳಾರಿಯ ಮಧ್ಯಾಹ್ನದ ಬಿಸಿಗಾಳಿ ಸಿಳ್ಳೆ ಹಾಕುತ್ತ ಶೆಡ್ಡಿನ ಒಳಗೆ ನುಗ್ಗಿತು. ನಾವು ಬೇವಿನ ಮರದ ಕೆಳಗೆ ಬಂದು ಕೂತೆವು. ದೊಡ್ಡವ್ವ ಮಜ್ಜಿಗೆ ಕೊಟ್ಟಳು. ಅಕ್ಕ ಶೆಡ್ಡಿಗೆ ಬೆನ್ನು ಹಾಕಿ ಕೂತು ಮೊಣಕಾಲಿಗೆ ಹಣೆ ಒತ್ತಿದಳು. ಎಷ್ಟೋ ಹೊತ್ತಾದ ಮೇಲೆ ಸೊಂಟದ ಕೀಲಿ ಬಿಚ್ಚಿ ದೊಡ್ಡಪ್ಪನ ಮುಂದೆ ಹಿಡಿದಳು. ಅವರು ಅದನ್ನು ಮುಟ್ಟಲಿಲ್ಲ.

“ಇವತ್ತು ಆ ಮಾತು ಬ್ಯಾಡ,” ಎಂದರು. “ಮಜ್ಜಿಗಿ ಕುಡಿ.”

ನನ್ನ ತಲೆನೋವು ಇಳಿಯಿತು. ದೊಡ್ಡಪ್ಪ ತಾವೇ ಹಣತೆ ಹಚ್ಚಿ ಶೆಡ್ಡಿನ ನೆಲಕ್ಕಿಟ್ಟು ನೋಡಿದರು. ಗಾಳಿಗೆ ಕೈ ಮರೆ ಮಾಡಿದರೆ ದೀಪ ನೆಟ್ಟಗೆ ಉರಿಯಿತು. “ಈಗ ಹೋಗ್ರಿ,” ಎಂದರು. ಅಕ್ಕ ಏಳಲಿಲ್ಲ. ಎಷ್ಟು ಏರಿದೆಯೋ ನೋಡಿ ಬರೋಣವೆಂದು ನಾನೊಬ್ಬಳೇ ಹೋದೆ.

ಥರ್ಮಾಮೀಟರ್ ಮೂವತ್ತೊಂದು ತೋರಿಸುತ್ತಿತ್ತು.

ಕೆಟ್ಟಿದೆ ಅಂದುಕೊಂಡು ಕೊಡವಿದೆ. ತೊಳೆದು ಮತ್ತೆ ಇಳಿಬಿಟ್ಟೆ. ಮೂವತ್ತೊಂದೇ. “ಅಕ್ಕಾ!” ಎಂದು ನಾನು ಕೂಗಿದ ದನಿಗೆ ಓಣಿಯ ನಾಯಿಗಳೆಲ್ಲ ಎದ್ದಿರಬೇಕು. ಅಕ್ಕ ಓಡಿ ಬಂದು ತನ್ನ ಇನ್ನೊಂದು ಥರ್ಮಾಮೀಟರ್ ಇಳಿಸಿದಳು. ನಾವಿಬ್ಬರೂ ಬಗ್ಗಿ ನೋಡುತ್ತಿದ್ದಂತೆಯೇ ಅದರ ಗೆರೆ ಮೂವತ್ತೊಂದಕ್ಕೆ ಬಂದು ನಿಂತು, ಕೆಲ ಹೊತ್ತಿಗೆ ಇನ್ನೂ ಒಂದು ಕೂದಲೆಳೆ ಕೆಳಗಿಳಿಯಿತು. ಅಕ್ಕ ಗೋಣಿಗೆ ಕೈ ಇಟ್ಟಳು. ಥಟ್ಟನೆ ತೆಗೆದು, ನನ್ನ ಕೈ ಎಳೆದು ಅಲ್ಲಿಟ್ಟಳು. ಗೋಣಿ ಮಡಕೆಯ ಹೊಟ್ಟೆಯಂತೆ ತಣ್ಣಗಿತ್ತು.

“ಲೇ ಸುಮಿ, ನೀರಿನ ಮಡಕಿ ಎಲ್ಲಿಡತೀವಿ ನಾವು?”

“ಗಾಳಿ ಆಡೋ ಕಡೆ.”

“ನಾವು ಮಡಕೀನ ಪೆಟ್ಟಿಗ್ಯಾಗ ಹಾಕಿ ಮುಚ್ಚಿ, ಯಾಕ ತಣ್ಣಗಾಗವಲ್ದು ಅಂತ ಅಳಾಕತ್ತಿದ್ವಿ!”

ಒದ್ದೆ ಗೋಣಿ ತಾನಾಗಿ ತಂಪು ಕೊಡುವುದಿಲ್ಲ. ಅದರ ನೀರು ಆವಿಯಾಗಿ ಹೋಗುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಕದ ಹಾಕಿದ ಶೆಡ್ಡಿನ ಹವೆ ಆಗಲೇ ನೀರು ಕುಡಿದು ಉಬ್ಬಿ ಕೂತಿತ್ತು, ಇನ್ನೊಂದು ಹನಿಯನ್ನೂ ಎತ್ತಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹೊರಗಿನದು ನಾವೆಲ್ಲ ಶಾಪ ಹಾಕುವ, ತುಟಿ ಒಡೆಸುವ ಒಣಗಾಳಿ. ಒಳಗೆ ಬಂದದ್ದೇ ಬಾಯಾರಿದ ಎಮ್ಮೆಯಂತೆ ಗೋಣಿಯ ನೀರನ್ನೆಲ್ಲ ಎಳೆದುಕೊಂಡು ಹೋಯಿತು. ಇದನ್ನೇ ನಾನು ವರ್ಷವರ್ಷವೂ ಒಂಬತ್ತನೆಯ ತರಗತಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತೇನೆ.

ದೊಡ್ಡಪ್ಪ ಹೊಸ್ತಿಲ ಬಳಿ ಅನುಮಾನದಿಂದ ನಿಂತಿದ್ದರು. “ಏನಾತು?”

“ಇಳೀತು ಅಪ್ಪಾಜಿ!”

“ಇಂಥಾ ಬಿಸಿಗಾಳ್ಯಾಗ?”

“ಬಿಸಿಗಾಳಿಯಿಂದನ!”

ದೊಡ್ಡಪ್ಪ ಒಮ್ಮೆ ಆಕಾಶ ನೋಡಿದರು, ಒಮ್ಮೆ ಟ್ಯಾಂಕು ನೋಡಿದರು. ಆಮೇಲೆ ನಗತೊಡಗಿದರು. ಅವರು ಹಾಗೆ ಭುಜ ಕುಣಿಸಿ ನಕ್ಕದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಸಂಜೆಯ ಹೊತ್ತಿಗೆ ಇಪ್ಪತ್ತೆಂಟು. ಬೆಳಗಿಗೆ ಇಪ್ಪತ್ತಾರು. ಅಕ್ಕ ಟ್ಯಾಂಕಿಗೆ ಕಿವಿಯಿಟ್ಟಳು. ರಸ ಆತುರವಿಲ್ಲದೆ, ಹದವಾಗಿ, ಗುಳುಗುಳು ಎನ್ನುತ್ತಿತ್ತು. ಯೀಸ್ಟು ಸತ್ತಿರಲಿಲ್ಲ.

ಆಮೇಲಿನ ದಿನಗಳು ಹಬ್ಬದಂತಿದ್ದವು. ಊರೆಲ್ಲ ಕದ ಹಾಕಿಕೊಂಡು ಮಲಗಿದ ಹೊತ್ತಿನಲ್ಲಿ ನಮ್ಮ ಶೆಡ್ಡು ಮಾತ್ರ ಬಾಯಿ ತೆರೆದು ನಿಂತಿರುತ್ತಿತ್ತು. ದಾಳಿಂಬೆ ಬಿಡಿಸಿದ ಹೆಂಗಸರು ಬಂದು ಗೋಣಿ ಮುಟ್ಟಿ, ಕೆನ್ನೆ ಒತ್ತಿ, “ಅವ್ವಯ್ಯ, ಫ್ರಿಜ್ಜಿದ್ದಂಗ ಐತಲೇ” ಎನ್ನುತ್ತಿದ್ದರು. ದೊಡ್ಡವ್ವ ಕಾಯಿಪಲ್ಲೆ ಹೆಚ್ಚುವುದನ್ನು ಅಡುಗೆಮನೆಯಿಂದ ಟ್ಯಾಂಕಿನ ಪಕ್ಕದ ತಂಪಿಗೆ ವರ್ಗಾಯಿಸಿದಳು. ದೊಡ್ಡಪ್ಪನಿಗೆ ಬಾಗಿಲು ಕಾಯುವ ಹುದ್ದೆ. ಯಾರಾದರೂ ಕೈರೂಢಿಯಿಂದ ಕದ ಎಳೆದರೆ ಸಾಕು, “ಯಾವಕಿ ಅಕಿ ಬಾಗಲಾ ಹಾಕಿದಾಕಿ? ಗಾಳಿ ಏನು ನಿಮ್ಮಪ್ಪಂದೇನು?” ಎಂದು ಕಟ್ಟೆಯಿಂದಲೇ ಗುಡುಗುತ್ತಿದ್ದರು.

ಕಂಪ್ರೆಸರ್ ಹೊತ್ತು ಬಂದ ಖಾದರ್ ಭಾಯ್ ಥರ್ಮಾಮೀಟರ್ ನೋಡಿ, ಗೋಣಿ ಮುಟ್ಟಿ, ಸ್ಪ್ಯಾನರ್ ಕೆಳಗಿಟ್ಟರು. “ಅಕ್ಕಾ, ಈ ಸುದ್ದಿ ಕೌಲ್ ಬಜಾರಿಗೆ ಹೇಳಬ್ಯಾಡ್ರಿ. ನನ್ನ ಅಂಗಡಿ ಶಟರ್ ಎಳೀತೈತಿ.” ಚಿಲ್ಲರನ್ನು ಜೋಡಿಸಿಕೊಟ್ಟದ್ದು ಆಮೇಲೆ ವೈನು ತಿಳಿಯಾಗಲು ಉಪಯೋಗಕ್ಕೆ ಬಂತು. ಆದರೆ ಆ ರಸವನ್ನು ಉಳಿಸಿದ್ದು ಚಿಲ್ಲರಲ್ಲ, ಎಲ್ಲರಿಗೂ ಗೊತ್ತಿತ್ತು.

ವೈನು ತಿಳಿಯಾಗಿ, ಬಾಟಲಿಗೆ ಇಳಿದು, ಶ್ರಾವಣ ಕಳೆದ ಮೇಲೆ, ನಾನು ಎರಡು ದಿನದ ರಜೆಗೆ ಕುರುಗೋಡಿಗೆ ಹೋಗಿದ್ದಾಗ, ಹಂಪಿ ಕಡೆಯ ಒಂದು ಹೋಟೆಲಿನಿಂದ ಇಬ್ಬರು ಬಂದರು. ಅವರಲ್ಲಿ ಒಬ್ಬಾಕೆ ನಡುವಯಸ್ಸಿನವಳು, ರುಚಿ ನೋಡುವುದೇ ಆಕೆಯ ಕೆಲಸ. ಗಾಜಿನ ಲೋಟ ಬೆಳಕಿಗೆ ಹಿಡಿದಳು. ಮೂಸಿದಳು. ಒಂದು ಗುಟುಕು ಬಾಯಲ್ಲಿ ಹೊರಳಾಡಿಸಿ ಕಣ್ಣು ಮುಚ್ಚಿದಳು. ದೊಡ್ಡಪ್ಪ ಪಡಸಾಲೆಯ ಕಂಬಕ್ಕೊರಗಿ ಆಕೆಯ ಮುಖವನ್ನೇ ನೋಡುತ್ತಿದ್ದರು. ಆಕೆ ಗುಟುಕನ್ನು ಉಗುಳಲಿಲ್ಲ, ನುಂಗಿದಳು. ಇನ್ನೊಂದು ಗುಟುಕು ತಗೊಂಡಳು.

“ಹಣ್ಣು ಈಗಷ್ಟೇ ಬಿಡಿಸಿದಂತಿದೆ,” ಎಂದಳು. “ಬಳ್ಳಾರಿಯ ಬೇಸಿಗೆಯಲ್ಲಿ ಇದನ್ನು ಇಷ್ಟು ತಣ್ಣಗೆ ಹೇಗೆ ಇಟ್ಟಿರಿ? ಯಾವ ಕಂಪನಿಯ ಕೂಲಿಂಗ್ ಪ್ಲಾಂಟು?”

ಅಕ್ಕ ದೊಡ್ಡಪ್ಪನ ಕಡೆ ನೋಡಿದಳು. ದೊಡ್ಡಪ್ಪ ಮೀಸೆಯೊಳಗೇ ನಕ್ಕು, “ನಮ್ಮೂರಿಂದರೀ. ಬಾಳ ಹಳೇ ಕಂಪನಿ,” ಎಂದರು.

ಆಕೆ ಇದ್ದಷ್ಟು ಬಾಟಲಿಯನ್ನೂ ತನಗೇ ಇಡಲು ಹೇಳಿ, ಮುಂದಿನ ವರ್ಷ ಇನ್ನೂ ಹೆಚ್ಚು ಬೇಕೆಂದಳು. ಅಕ್ಕ ಆಗಲಿ ಎನ್ನಲಿಲ್ಲ. ಶೆಡ್ಡು ನಿನ್ನದೇ ಎಂದು ದೊಡ್ಡಪ್ಪ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲವಲ್ಲ. ದೊಡ್ಡಪ್ಪ ಅವರನ್ನು ಕಾರಿನವರೆಗೆ ಕಳಿಸಿ ಬಂದು ಶೆಡ್ಡಿನ ಮಾತೆತ್ತದೆ ಮಲಗಿದರು.

ಮರುದಿನ ಬೆಳಗಾಗುತ್ತಲೇ ಶೆಡ್ಡಿನ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿ ನಾನೂ ಅಕ್ಕನೂ ಓಡಿದೆವು. ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಕಲ್ಲುಕೆಲಸದ ಗವಂಡಿಯೊಬ್ಬ ಪಡುವಣ ಗೋಡೆಗೆ ಉಳಿ ಹಚ್ಚಿದ್ದ. ದೊಡ್ಡಪ್ಪ ತಲೆಗೆ ಟವೆಲು ಸುತ್ತಿ, ಕೈಯಲ್ಲಿ ಇದ್ದಿಲು ಹಿಡಿದು ಕಲ್ಲಿನ ಮೇಲೆ ಗೆರೆ ಎಳೆಯುತ್ತಿದ್ದರು.

“ಬ್ಯಾಸಗ್ಯಾಗ ಗಾಳಿ ಬೀಸೋದು ಈ ಕಡಿಯಿಂದ,” ಎಂದು ಗವಂಡಿಗೆ ಹೇಳುತ್ತಿದ್ದರು. “ಇಲ್ಲೊಂದು ಬಾಗಲಾ ಬೇಕು.”

“ಎಷ್ಟು ಅಗಲ ಬಿಡ್ಲಿರೀ ಗೌಡ್ರ?”

ದೊಡ್ಡಪ್ಪ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ನಡೆದು, ಇದ್ದಿಲಿನಿಂದ ಎರಡನೆಯ ಗೆರೆ ಎಳೆದರು.

“ಇನ್ನೊಂದು ಟಾಂಕಿ ಒಳಗ ಹೋಗುವಷ್ಟು.”